ಫ್ಯೂಚುರಾ ಬೋಲ್ಡ್ ಆಬ್ಲಿಕ್: ಓರೆ ಅಕ್ಷರದ ಬಲ, ಮಿತಿ

ಪಾಲ್ ರೆನ್ನರ್ ರೂಪಿಸಿದ ಫ್ಯೂಚುರಾ ಅಚ್ಚುಮೊಳೆಗಳನ್ನು ಬಾವರ್ ಫೌಂಡ್ರಿ 1927ರಲ್ಲಿ ಜರ್ಮನಿಯಲ್ಲಿ ಹೊರತಂದಿತು. ವೃತ್ತ, ತ್ರಿಕೋನ, ಸರಳರೇಖೆಗಳಲ್ಲೇ ರೋಮನ್ ಲಿಪಿಯನ್ನು ಕಟ್ಟಬೇಕೆಂಬ ಹಟ ಅದರದು. ಆ ಕುಟುಂಬದ ನೆಟ್ಟನೆಯ ಅಕ್ಷರಗಳಲ್ಲಿ ಸಮಾಧಾನವಿದೆ. ದಪ್ಪಗೆ, ಓರೆಯಾಗಿ ನಿಲ್ಲುವ ಬೋಲ್ಡ್ ಆಬ್ಲಿಕ್‌ನಲ್ಲಿ ಮಾತ್ರ ಅವಸರವಿದೆ, ಆಗ್ರಹವಿದೆ.

ಗಿಲ್ ಸ್ಯಾನ್ಸ್ ಎಂಬ ಇನ್ನೊಂದು ಅಕ್ಷರ ಕುಟುಂಬದ ಇಟಾಲಿಕ್‌ನಲ್ಲಿ, ಅಂದರೆ ಓರೆ ರೂಪದಲ್ಲಿ, ರೋಮನ್ 'ಎ' ಅಕ್ಷರ ತನ್ನ ಆಕಾರವನ್ನೇ ಬದಲಿಸಿಕೊಂಡು ಕೈಬರಹದ ಕಡೆಗೆ ಹೊರಳುತ್ತದೆ. ಫ್ಯೂಚುರಾದಲ್ಲಿ ಅಂಥ ಹೊರಳು ಇಲ್ಲ. ಒಂದು ಬಟ್ಟಲು, ಒಂದು ಕಂಬ, ಅದೇ ಎಲುಬುಗೂಡು ಬಲಕ್ಕೆ ವಾಲುತ್ತದೆ, ಅಷ್ಟೆ. ಲೇಖನಿಯ ಲಾಲಿತ್ಯ ಇಲ್ಲದ್ದರಿಂದಲೇ ದನಿ ಗಡುಸಾಗುತ್ತದೆ. ಹಾಗೆಂದು ಇದು ಸುಲಭದ ಕೆಲಸವಲ್ಲ. ದಪ್ಪ ಉಂಗುರವೊಂದನ್ನು ಯಂತ್ರದಿಂದ ಸುಮ್ಮನೆ ವಾಲಿಸಿದರೆ ಅದರ ಬಲ ಮೇಲ್ತುದಿ ಮತ್ತು ಎಡ ಕೆಳತುದಿ ಊದಿಕೊಳ್ಳುತ್ತವೆ, ಉಳಿದೆರಡು ಮೂಲೆಗಳು ಸೊರಗುತ್ತವೆ. ಗೆರೆ ದಪ್ಪವಾದಷ್ಟೂ ಈ ವಿಕಾರ ಎದ್ದು ಕಾಣುತ್ತದೆ. ಅದನ್ನು ಕಣ್ಣಳತೆಯಲ್ಲಿ ತಿದ್ದುವುದರಲ್ಲಿ ವಿನ್ಯಾಸಕನ ಕಸುಬು ಇದೆ.

ಈ ಅಕ್ಷರದ ಶಕ್ತಿಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್. ಪತ್ರಿಕೆಗಳಲ್ಲಿ ಪುಟವಿನ್ಯಾಸ ಮಾಡಿ ಪಳಗಿದ್ದ ಅವರು 1980ರ ದಶಕದಲ್ಲಿ ಕಪ್ಪು-ಬಿಳುಪು ಚಿತ್ರಗಳ ಮೇಲೆ ಕೆಂಪು ಪಟ್ಟಿ, ಅದರೊಳಗೆ ಬಿಳಿಯ ಓರೆ ಅಕ್ಷರ ಕೂರಿಸಿ, ಕೊಳ್ಳುಬಾಕತನವನ್ನೂ ಅಧಿಕಾರವನ್ನೂ ನೇರವಾಗಿ ಪ್ರಶ್ನಿಸಿದರು. ನಾಲ್ಕೈದು ಪದಗಳು, ಎದುರು ನಿಂತು ಆಡಿದ ಮಾತಿನಂತೆ. 1994ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಸುಪ್ರೀಂ ಎಂಬ ಉಡುಪಿನ ಅಂಗಡಿಯ ಲಾಂಛನವೂ ಕೆಂಪು ಪೆಟ್ಟಿಗೆಯೊಳಗಿನ ಬಿಳಿ ಫ್ಯೂಚುರಾ, ಅದೂ ಓರೆ. ಕೊಳ್ಳುವುದನ್ನು ಪ್ರಶ್ನಿಸಿದ ದನಿಯಲ್ಲೇ ಮಾರಾಟವೂ ನಡೆಯಿತು. ಅಕ್ಷರ ಮಾತಿಗೆ ತುರ್ತು ಕೊಡಬಲ್ಲದು, ನಿಲುವು ಕೊಡಲಾರದು. ಅದು ಬರೆಯುವವರ ಹೊಣೆ.

ಮಿತಿಗಳೂ ಸ್ಪಷ್ಟ. ಅಕ್ಷರ ಸಣ್ಣದಾದರೆ 'ಎ', 'ಇ'ಗಳ ಒಳಖಾಲಿ ಮುಚ್ಚಿಹೋಗುತ್ತದೆ. 'ಬಿ', 'ಡಿ', 'ಪಿ', 'ಕ್ಯೂ' ಒಂದೇ ಅಚ್ಚಿನವಾಗಿ ಕಣ್ಣು ತಡವರಿಸುತ್ತದೆ. ಇಡೀ ಪ್ಯಾರಾವನ್ನು ಇದರಲ್ಲಿ ಜೋಡಿಸಿದರೆ ಎಲ್ಲವೂ ಕೂಗಾಗಿ, ಯಾವುದೂ ಕೇಳಿಸದು. ಶೀರ್ಷಿಕೆ, ಭಿತ್ತಿಪತ್ರ, ಘೋಷಣೆ, ಇವೇ ಇದರ ನೆಲೆ.

ಕನ್ನಡ ಪುಟ ಕಟ್ಟುವವರಿಗೆ ಇಲ್ಲೊಂದು ಪಾಠವಿದೆ. ನಮ್ಮ ಲಿಪಿಗೆ ಇಟಾಲಿಕ್ ಪರಂಪರೆಯಿಲ್ಲ. ಆದರೂ ಒಂದು ಗುಂಡಿ ಒತ್ತಿ ಅಕ್ಷರಗಳನ್ನು ವಾಲಿಸುವ ರೂಢಿ ಬೆಳೆದಿದೆ. ಹಾಗೆ ಮಾಡಿದಾಗ ತಲೆಕಟ್ಟು ಬಲಕ್ಕೆ ಜಾರುತ್ತದೆ, ಪಾದದ ಕೆಳಗಿನ ಒತ್ತು ಎಡಕ್ಕೆ ಸರಿದು ತನ್ನ ಅಕ್ಷರದಿಂದ ದೂರವಾಗುತ್ತದೆ. ದುಂಡು ಲಿಪಿಯಾದ್ದರಿಂದ ಊದು-ಸೊರಗು ಪ್ರತಿ ಅಕ್ಷರದಲ್ಲೂ ಮರುಕಳಿಸುತ್ತದೆ. ಒತ್ತು ಕೊಡಲು ದಪ್ಪ ಅಕ್ಷರವೇ ಸಾಕು. ಓರೆ ಬೇಕೇ ಬೇಕೆಂದರೆ ತಲೆಕಟ್ಟಿನಿಂದ ಒತ್ತಕ್ಷರದವರೆಗೆ ಪ್ರತಿಯೊಂದನ್ನೂ ಹೊಸದಾಗಿ ಬರೆಯಬೇಕು. ಆ ಶ್ರಮಕ್ಕೆ ಪ್ರಕಾಶಕರು ಹಣ ಕೊಡಬೇಕು.