ಕುಲಪತಿ ಹೋದ ಮೇಲೆ ಉಳಿಯೋದೇನು?

ಕುಲಪತಿಗಳು ನಿವೃತ್ತರಾದರೆ ನಮ್ಮಲ್ಲಿ ಒಂದು ಅಭಿನಂದನ ಗ್ರಂಥ ಬರುವುದು ವಾಡಿಕೆ. ತೆರೆದು ನೋಡಿ: ಶಿಸ್ತಿನ ಸಿಪಾಯಿ, ಮಾತೃಹೃದಯಿ, ಸರಳತೆಯ ಸಾಕಾರಮೂರ್ತಿ. ಅವರ ಕಾಲದಲ್ಲಿ ಒಂದು ಫೈಲು ಎಷ್ಟು ದಿನಕ್ಕೆ ಹೊರಗೆ ಬರ್ತಿತ್ತು? ಪಿಎಚ್‌.ಡಿ. ಪ್ರಬಂಧ ಸಲ್ಲಿಸಿದವರು ಮೌಖಿಕ ಪರೀಕ್ಷೆಗೆ ಎಷ್ಟು ತಿಂಗಳು ಕಾಯ್ತಿದ್ರು? ಇದು ಮಾತ್ರ ಯಾವ ಪುಟದಲ್ಲೂ ಸಿಗೋದಿಲ್ಲ. ನಾಯಕತ್ವ ಅಂದರೆ ವ್ಯಕ್ತಿಯ ಗುಣ ಅಂತಲೇ ನಾವು ನಂಬಿ ಕೂತಿದ್ದೇವೆ. ನನ್ನ ತಕರಾರು ಇರೋದು ಈ ನಂಬಿಕೆಯ ಮೇಲೆ.

ನಾವು ಸದಾ ನೆನೆಯುವ ಮೂವರನ್ನೇ ತೆಗೆದುಕೊಳ್ಳೋಣ. ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು, ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯ ಆಡಳಿತ ಅರೆದು ಕುಡಿದವರು. ಅವರದು ಕಟ್ಟುವವರ ಶೈಲಿ. ಕಟ್ಟೋದಕ್ಕೆ 13 ವರ್ಷ ಸಿಕ್ಕಿತು ಅನ್ನೋದನ್ನೂ ಮರೆಯಬಾರದು.

ಕುವೆಂಪು ಮೈಸೂರಿನಲ್ಲಿ ಕುಲಪತಿ ಆಗಿದ್ದು 1956ರಿಂದ 1960ರವರೆಗೆ, ಬರೀ ನಾಲ್ಕು ವರ್ಷ. ಮಾನಸಗಂಗೋತ್ರಿ ಅವರ ಕನಸು, ಆ ಹೆಸರೂ ಅವರದೇ. ಕನ್ನಡದಲ್ಲಿ ಉನ್ನತ ಶಿಕ್ಷಣ ಸಾಧ್ಯ ಅನ್ನೋದು ಅವರ ಹಟ. ಆದರೆ ಆ ಹಟ ಅವರ ಜೊತೆಗೇ ಮನೆಗೆ ಹೋಗಲಿಲ್ಲ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಶುರುವಾಯ್ತು. ಅದನ್ನು ಬೆಳೆಸಿದ ದೇಜಗೌ 1969ರಲ್ಲಿ ತಾವೇ ಕುಲಪತಿಯಾದರು. ವಿಶ್ವಕೋಶದ ಸಂಪುಟಗಳು ಬಂದವು. ಕನಸು ಒಬ್ಬರದು, ಅದನ್ನು ಹೊತ್ತದ್ದು ಹತ್ತಾರು ಹೆಗಲು. ನನಗೆ ದೊಡ್ಡದಾಗಿ ಕಾಣೋದು ಇದು.

ಇನ್ನು ಎಚ್‌. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1972ರಿಂದ 1977. ಖಾದಿ, ಹಾಸ್ಟೆಲ್ ಕೋಣೆಯ ವಾಸ, ನೈತಿಕ ಬಲವೇ ಬಂಡವಾಳ. 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಪ್ರಶ್ನೆ ಕೇಳೋದು ವಿಶ್ವವಿದ್ಯಾಲಯದ ಕೆಲಸ ಅಂತ ತೋರಿಸಿಕೊಟ್ಟರು, ನಿಜ. ಆದರೆ ಅದನ್ನು ನಾವು ನೆನೆಯೋದು ಎಚ್ಚೆನ್ ಅವರ ಸಾಹಸ ಅಂತ. ಅದು ವಿಶ್ವವಿದ್ಯಾಲಯದ ಪದ್ಧತಿ ಆಗಲೇ ಇಲ್ಲ.

ಇವತ್ತಿಗೆ ಬನ್ನಿ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಕುಲಪತಿಗೆ ಕೊಡೋದು ನಾಲ್ಕು ವರ್ಷ. ಮೊದಲ ವರ್ಷ ಸನ್ಮಾನಕ್ಕೆ, ಕೊನೆಯ ವರ್ಷ ಮುಂದಿನ ಹುದ್ದೆಯ ಚಿಂತೆಗೆ. ಕುಲಸಚಿವರನ್ನು ಕಳಿಸೋದು ಸರ್ಕಾರ. ತಾವು ಆರಿಸದ ತಂಡ ಕಟ್ಟಿಕೊಂಡು ಕುಲಪತಿ ರಥ ಎಳೀಬೇಕು.

ಇಂಥ ಕಡೆ ಎರಡು ಶೈಲಿ ಹುಟ್ಟಿಕೊಳ್ತವೆ. ಒಂದು, ಯಾರನ್ನೂ ನಂಬದೆ ಪ್ರತಿ ಫೈಲನ್ನೂ ತಮ್ಮ ಟೇಬಲ್ಲಿಗೇ ಎಳೆದುಕೊಳ್ಳೋದು. ಇನ್ನೊಂದು, ತೋರಿಸಿದ ಕಡೆ ಸಹಿ ಹಾಕಿ ಸುಮ್ಮನಿರೋದು. ಮೊದಲನೆಯವರನ್ನು ‘ಖಡಕ್’ ಅಂತೀವಿ, ಎರಡನೆಯವರನ್ನು ‘ಒಳ್ಳೆಯವರು ಪಾಪ’ ಅಂತೀವಿ. ಫಲ ಒಂದೇ: ವಿಭಾಗದ ಮುಖ್ಯಸ್ಥರು, ಡೀನರು ತಾವಾಗಿ ತೀರ್ಮಾನ ತಗೊಳ್ಳೋದನ್ನೇ ಮರೀತಾರೆ. ಏನು ಕೇಳಿದ್ರೂ ‘ವಿ.ಸಿ. ಸಾಹೇಬ್ರನ್ನ ಒಂದ್ಸಲ ನೋಡಿ’. ಅವಧಿ ಮುಗಿದು ಪ್ರಭಾರ ಕುಲಪತಿ ಬಂದರಂತೂ ಮುಗೀತು. ‘ನಾನು ಇನ್‌ಚಾರ್ಜು, ದೊಡ್ಡ ವಿಷಯ ಮುಟ್ಟೋಕೆ ಆಗಲ್ಲ’ ಅಂತಾರೆ. ತಿಂಗಳುಗಳು ಉರುಳ್ತವೆ. ಕಾಯೋದು ಯಾರು? ಅಂಕಪಟ್ಟಿ ಇಲ್ಲದೆ ಕೆಲಸಕ್ಕೆ ಸೇರಲಾಗದ ಹುಡುಗಿ, ಗೌರವಧನಕ್ಕೆ ಕಾದಿರುವ ಅತಿಥಿ ಉಪನ್ಯಾಸಕ.

‘ದುಡ್ಡೇ ಇಲ್ಲದ ಕಡೆ ನಾಯಕತ್ವ ಏನು ಮಾಡೀತು?’ ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗೇ ಇದೆ. ಖಾಲಿ ಹುದ್ದೆ ತುಂಬೋದು, ಪಿಂಚಣಿ ಹೊಂದಿಸೋದು ಕುಲಪತಿಯ ಕೈಯಲ್ಲಿಲ್ಲ. ಆದರೆ ಇಂಥ ಅರ್ಜಿಯನ್ನು ವಿಭಾಗದ ಮಟ್ಟದಲ್ಲೇ ಮುಗಿಸಿ, ಇಷ್ಟು ದಿನದೊಳಗೆ ಮುಗಿಸಿ ಅಂತ ಲಿಖಿತ ಆದೇಶ ಕೊಡೋಕೆ ಯಾವ ಅನುದಾನ ಬೇಕು? ಬೇಕಾಗಿರೋದು ತಮ್ಮ ಸಹಿಯ ಬೆಲೆ ಸ್ವಲ್ಪ ಇಳಿದರೂ ಪರವಾಗಿಲ್ಲ ಅನ್ನೋ ಮನಸ್ಸು. ಖಡಕ್ ಸಾಹೇಬ್ರಿಗೂ ಕಷ್ಟ, ಪಾಪದ ಸಾಹೇಬ್ರಿಗೂ ಕಷ್ಟ ಆಗೋದು ಇದೇ.

ಹಾಗಾಗಿ ಮುಂದಿನ ಅಭಿನಂದನ ಗ್ರಂಥದ ಸಂಪಾದಕರಲ್ಲಿ ಒಂದು ಅರಿಕೆ. ಹೊಗಳಿಕೆಗಳ ನಡುವೆ ಎರಡು ಪುಟ ಬಿಡಿ. ಈ ಕುಲಪತಿ ಬರುವ ಮೊದಲು ಅವರ ಸಹಿ ಬೇಕಾಗಿದ್ದ, ಈಗ ಬೇಕಿಲ್ಲದ ಕೆಲಸಗಳ ಪಟ್ಟಿಯನ್ನು ಅಲ್ಲಿ ಅಚ್ಚು ಹಾಕಿ. ಪುಟ ಖಾಲಿ ಉಳಿದರೆ, ಖಾಲಿಯಾಗೇ ಅಚ್ಚಾಗಲಿ.