‘ಅಕಶೇರುಕ’ ಮತ್ತು ‘ಹುಳು’: ಒಂದು ಪರಿಭಾಷಾ ವಿಮರ್ಶೆ

ನಮ್ಮ ಪ್ರಾಣಿಶಾಸ್ತ್ರದ ಪಾಠಪುಸ್ತಕಗಳು ಪ್ರಾಣಿಗಳನ್ನು ಕಶೇರುಕ, ಅಕಶೇರುಕ ಎಂದು ಎರಡು ಪಾಲು ಮಾಡಿ ವಿಷಯವನ್ನು ತೊಡಗುವುದು ವಾಡಿಕೆಯಾಗಿದೆ. ಕಶೇರುವೆಂದರೆ ಬೆನ್ನೆಲುಬು, ಅದಿಲ್ಲದುದು ಅಕಶೇರುಕ. ಪದರಚನೆಯಲ್ಲಿ ದೋಷವಿಲ್ಲ, ಅದನ್ನು ಒಂದು ಕುಲದ ಹೆಸರೆಂಬಂತೆ ಬಳಸುವುದರಲ್ಲಿ ದೋಷವಿದೆ. ಇದುವರೆಗೆ ಹೆಸರಿಟ್ಟಿರುವ ಪ್ರಾಣಿಜಾತಿಗಳಲ್ಲಿ ನೂರಕ್ಕೆ ಸುಮಾರು 95 ಈ ಪಾಲಿಗೆ ಸೇರುವುವು. ಅವಕ್ಕೆಲ್ಲ ಸಾಮಾನ್ಯವಾದುದು ಒಂದು ಅಭಾವ ಮಾತ್ರ. ನಕ್ಷತ್ರಮೀನಿನ ಭ್ರೂಣದಲ್ಲಿ ಮೊದಲು ತೋರುವ ರಂಧ್ರವು ಗುದದ್ವಾರವಾಗಿ, ಬಾಯಿ ಆಮೇಲೆ ಬೇರೆಡೆ ಮೂಡುವುದು. ಬೆನ್ನೆಲುಬಿನ ಪ್ರಾಣಿಗಳ ಕ್ರಮವೂ ಇದೇ. ವಂಶದಿಂದ ನೋಡಿದರೆ ನಕ್ಷತ್ರಮೀನು ಬಸವನಹುಳುವಿಗಿಂತ ನಮಗೇ ಹತ್ತಿರವಾದುದು.

ಇತ್ತ ‘ಹುಳು’ ಎಂಬ ದೇಸಿಮಾತನ್ನು ಅಶಾಸ್ತ್ರೀಯವೆಂದು ಪಂಡಿತರು ಕಡೆಗಣಿಸುವುದುಂಟು. ಈ ಆಕ್ಷೇಪ ಎಷ್ಟರಮಟ್ಟಿಗೆ ಸರಿ? ಮೈಸೂರಿನ ಬನ್ನಿಮಂಟಪವನ್ನೇ ತೆಗೆದುಕೊಳ್ಳೋಣ. ವಿಜಯದಶಮಿಯ ರಾತ್ರಿ ಪಂಜಿನ ಕವಾಯಿತಿನ ಬೆಳಕಿಗೆ ಬಂದೆರಗುವುದು ದೀಪದ ಹುಳು; ಮಳೆಗಾಲದಲ್ಲಿ ಆ ನೆಲವನ್ನು ಕೆದಕಿದರೆ ಎರೆಹುಳು; ಗೋಡೆಯ ತೇವದಲ್ಲಿ ಬಸವನಹುಳು; ಆ ಮಣ್ಣಿನಲ್ಲಿ ಆಡಿದ ಕೈಯನ್ನು ತೊಳೆಯದೆ ಉಣ್ಣುವ ಮಗುವಿನ ಕರುಳಿನಲ್ಲಿ ಜಂತುಹುಳು. ನಾಲ್ಕೂ ಹುಳುಗಳೇ, ನಾಲ್ಕೂ ಬೇರೆಬೇರೆ ವಿಭಾಗಗಳಿಗೆ ಸೇರಿದವು. ರೂಪವನ್ನು ನಂಬಿದವನು ಎರೆಹುಳುವನ್ನೂ ಜಂತುಹುಳುವನ್ನೂ ಒಂದೇ ಮನೆಯವೆಂದು ತಿಳಿಯುವನು. ತತ್ತ್ವ ಹಾಗಿಲ್ಲ. ಜಂತುಹುಳು ಬೆಳೆಯಬೇಕಾದರೆ ಕೀಟದಂತೆ ಪೊರೆ ಬಿಡಬೇಕು. 1997ರಿಂದೀಚೆಗೆ ವಂಶವಾಹಿಗಳ ಪರೀಕ್ಷೆಯೂ ಅದನ್ನು ದೀಪದ ಹುಳುವಿನ ಬಳಗಕ್ಕೇ ಸೇರಿಸಿದೆ. ಉಂಗುರದ ಮೈಯ ಎರೆಹುಳುವಾದರೋ ಚಿಪ್ಪು ಹೊತ್ತ ಬಸವನಹುಳುವಿನ ದಾಯಾದಿ.

ಆಕ್ಷೇಪ ಹಾಗಾದರೆ ನಿಜವೇ. ಆದರೆ ಅದು ಹಳ್ಳಿಯವನೊಬ್ಬನ ಮೇಲೆ ಹೊರಿಸತಕ್ಕುದಲ್ಲ. ಸ್ವೀಡನ್ನಿನ ಲಿನ್ನೇಯಸನು 1758ರಲ್ಲಿ ಕೀಟ, ಜೇಡ, ಏಡಿಗಳನ್ನು ಒಂದು ವರ್ಗವಾಗಿಸಿ, ಬೆನ್ನೆಲುಬಿಲ್ಲದ ಮಿಕ್ಕುದನ್ನೆಲ್ಲ, ಬಸವನಹುಳು ನಕ್ಷತ್ರಮೀನುಗಳ ಸಮೇತ, ‘ವರ್ಮೆಸ್’ ಎಂದು ಕರೆದನು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಹುಳುಗಳೆಂದೇ ಅರ್ಥ! ಫ್ರಾನ್ಸಿನ ಲಮಾರ್ಕನು ಆ ರಾಶಿಯನ್ನು ವಿಂಗಡಿಸಹೊರಟು, 1801ರ ತನ್ನ ಗ್ರಂಥಕ್ಕೆ ‘ಬೆನ್ನೆಲುಬಿಲ್ಲದ ಪ್ರಾಣಿಗಳು’ ಎಂಬರ್ಥದ ಹೆಸರಿಟ್ಟನು. ಅವನು ಒಳಗೆ ಮಾಡಿದ ವಿಂಗಡಣೆಯನ್ನು ನಮ್ಮ ಪುಸ್ತಕಗಳು ಅವಸರದಲ್ಲಿ ದಾಟಿ, ಮೇಲಿನ ಹಣೆಪಟ್ಟಿಯನ್ನು ಮಾತ್ರ ಬಾಯಿಪಾಠ ಮಾಡಿಸುತ್ತಿವೆ.

ಇದು ಬರಿಯ ಶಬ್ದಕಲಹವಲ್ಲ. ಜಂತುಹುಳುವಿನ ಮೊಟ್ಟೆ ಮಣ್ಣಿನಿಂದ ಬಾಯಿಗೆ ಬರುವುದು. ಲಾಡಿಹುಳು ಸರಿಯಾಗಿ ಬೇಯದ ಮಾಂಸದಿಂದ ಬರುವುದು. ‘ಹೊಟ್ಟೆಹುಳು’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಎರಡರ ತಡೆಯೂ ತಿಳಿಯದು. ಕೀಟಕ್ಕೆಂದು ಸಿಂಪಡಿಸುವ ವಿಷಗಳಲ್ಲಿ ಅನೇಕವು ಬಸವನಹುಳುವನ್ನು ಕೊಲ್ಲಲಾರವು. ‘ಹುಳುವಿನ ಔಷಧ’ವೆಂದು ಕೊಂಡು ತಂದವನ ಹಣವೂ ಹೋಯಿತು, ಬೆಳೆಯೂ ಹೋಯಿತು. ‘ಅಕಶೇರುಕ’ವೆಂಬ ಪದ ಇವರಿಬ್ಬರಿಗೂ ಏನನ್ನೂ ಹೇಳುವುದಿಲ್ಲ.

ನನ್ನ ಮತದಲ್ಲಿ, ಪಾಠವನ್ನು ಅಭಾವದಿಂದ ತೊಡಗದೆ ಕ್ರಿಯೆಯಿಂದ ತೊಡಗಬೇಕು: ಯಾವುದು ಪೊರೆ ಬಿಡುವುದು, ಯಾವುದು ಬಿಡದು? ಇದಕ್ಕೆ ‘ನಿರ್ಮೋಚನೆ’ಯೆಂಬ ಶಬ್ದವನ್ನು ಹುಡುಕಬೇಕಾಗಿಲ್ಲ. 1961ರಲ್ಲಿ ಕೇಂದ್ರ ರೇಷ್ಮೆ ಸಂಶೋಧನ ಸಂಸ್ಥೆ ನೆಲೆಗೊಂಡ ಮೈಸೂರಿನ ಸುತ್ತಣ ರೈತರು, ರೇಷ್ಮೆಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಕುಳಿತು ಪೊರೆ ಕಳಚುವುದನ್ನು ‘ಜ್ವರ’ವೆನ್ನುವರು, ಗೂಡು ಕಟ್ಟುವುದರೊಳಗೆ ನಾಲ್ಕು ಜ್ವರಗಳನ್ನು ಎಣಿಸುವರು. ಜಂತುಹುಳುವೂ ನಾಲ್ಕೇ ಸಲ ಪೊರೆ ಬಿಡುವುದೆಂದರೆ ಅವರಿಗೆ ಸೋಜಿಗವಾದೀತು. ‘ಜ್ವರ’ವು ರೋಗದ ಭ್ರಮೆಯನ್ನು ಹುಟ್ಟಿಸುವುದರಿಂದ ಗ್ರಂಥಕ್ಕೆ ‘ಪೊರೆ ಬಿಡುವುದು’ ಎಂಬುದೇ ಲೇಸು. ಬೆನ್ನೆಲುಬುಳ್ಳ ಹಾವೂ ಪೊರೆ ಬಿಡುವುದಲ್ಲವೆ ಎಂದು ಕೇಳುವವರುಂಟು. ಹಾವು ಕಳಚುವುದು ಚರ್ಮದ ಸತ್ತ ಮೇಲ್ಪದರವನ್ನು. ಹುಳು ಕಳಚುವುದು ಚರ್ಮವೇ ಸ್ರವಿಸಿ ಹೊರಗೆ ಕಟ್ಟಿದ ಕವಚವನ್ನು. ಅನ್ನನಾಳದ ಮುಂಭಾಗದ ಒಳಪೊರೆಯೂ ಅದರೊಡನೆ ಹೋಗುವುದು. ಈ ಭೇದಕ್ಕೆ ಪಾಠದಲ್ಲಿ ಒಂದು ವಾಕ್ಯ ಸಾಕು.