ಶೇರ್ ದನಿಯನ್ನ ತಿದ್ದಿದ್ದು ಯಾರು?

‘ಬಿಲೀವ್’ ಹಾಡು ನೀವು ಹುಡುಕಿ ಕೇಳದಿದ್ರೂ ಪಬ್ಬಲ್ಲೋ ಕ್ಯಾಬಲ್ಲೋ ಕಿವಿಗೆ ಬಿದ್ದೇ ಇರುತ್ತೆ. ದನಿ ಇದ್ದಕ್ಕಿದ್ದಂತೆ ರೋಬೋ ಥರ ತುಂಡಾಗುತ್ತಲ್ಲ, ಅದೇ. 1998ರಲ್ಲಿ ಇದೇ ಹೆಸರಿನ ಆಲ್ಬಮ್ ಬಂದಾಗ ಶೇರ್‌ಗೆ 52 ವರ್ಷ. ಸನ್ನಿ ಬೋನೋ ಜೊತೆ ಮೊದಲ ದೊಡ್ಡ ಹಿಟ್ ಕೊಟ್ಟಿದ್ದು 1965ರಲ್ಲಿ. ಪಾಪ್ ಲೋಕ ಆ ವಯಸ್ಸಿನ ಹೆಂಗಸರನ್ನ ಹಳೇ ಹಾಡುಗಳ ಶೋಗೆ ಕಳಿಸಿಬಿಡುತ್ತೆ. ಈಕೆಯ ಹಾಡು ಬ್ರಿಟನ್ನಿನಲ್ಲಿ 7 ವಾರ, ಅಮೆರಿಕದಲ್ಲಿ 4 ವಾರ ನಂಬರ್ ಒನ್ ಆಯ್ತು, ಗ್ರ್ಯಾಮಿಯೂ ಬಂತು.

‘ಅದೆಲ್ಲಾ ಆಟೋ-ಟ್ಯೂನ್ ಮಹಿಮೆ’ ಅನ್ನೋರಿದ್ದಾರೆ. ನಾನು ಒಪ್ಪಲ್ಲ.

ಆಟೋ-ಟ್ಯೂನ್ ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ಹುಡುಕಲು ಭೂಮಿಯೊಳಗಿನ ಕಂಪನಗಳ ಲೆಕ್ಕ ಹಾಕ್ತಿದ್ದ ಎಂಜಿನಿಯರ್. ತಪ್ಪಿದ ಶ್ರುತಿಯನ್ನ ಯಾರಿಗೂ ಗೊತ್ತಾಗದಂತೆ ಸರಿ ಮಾಡೋದು ಈ ಸಾಫ್ಟ್‌ವೇರಿನ ಕೆಲಸ. ಎಷ್ಟು ಬೇಗ ಸರಿ ಮಾಡ್ಬೇಕು ಅಂತ ಒಂದು ಸೆಟ್ಟಿಂಗ್ ಇದೆ. ನಿಧಾನಕ್ಕಿಟ್ರೆ ಸಹಜವಾಗಿ ಕೇಳುತ್ತೆ. ಸೊನ್ನೆಗಿಟ್ರೆ ಸ್ವರ ಜಾರೋದೇ ಇಲ್ಲ, ಒಂದರಿಂದ ಇನ್ನೊಂದಕ್ಕೆ ಹಾರುತ್ತೆ. ನಿರ್ಮಾಪಕರು ಅದನ್ನೇ ಮಾಡಿದ್ರು, ಗುಟ್ಟು ಕಾಯೋಕೆ ಮೊದಮೊದಲು ಬೇರೆ ಯಂತ್ರದ ಹೆಸರನ್ನೂ ಹೇಳಿದ್ರು!

ಆದ್ರೆ ಹಾಡು ಗೆದ್ದಿದ್ದು ದನಿ ತುಂಡಾದಾಗಲ್ಲ, ಅದರ ನಂತರ. ಚರಣದಲ್ಲಿ ನೊಂದವಳ ದನಿ ಒಡೆಯುತ್ತೆ, ಪಲ್ಲವಿಗೆ ಬರೋ ಹೊತ್ತಿಗೆ ಶೇರ್‌ಳ ಆ ದಪ್ಪ, ತುಂಬು ಕಂಠ ಎದ್ದು ನಿಲ್ಲುತ್ತೆ. ಮೂವತ್ತು ವರ್ಷದಿಂದ ಜನಕ್ಕೆ ಪರಿಚಯವಿದ್ದ ದನಿ ಅದು. ಪರಿಚಯ ಇದ್ದಿದ್ದಕ್ಕೇ ಒಡೆದದ್ದು ಕೇಳಿಸಿತು.

ಅನುಮಾನ ಇದ್ರೆ ಇದೇ ಆಲ್ಬಮ್ಮಿನ ‘ಸ್ಟ್ರಾಂಗ್ ಇನಫ್’ ಕೇಳಿ. ಎಪ್ಪತ್ತರ ದಶಕದ ಡಿಸ್ಕೋ ಧಾಟಿ, ಆ ಚಮತ್ಕಾರ ಇಲ್ಲ, ಆದ್ರೂ ಹಾಡು ಗಟ್ಟಿಯಾಗಿ ನಿಲ್ಲುತ್ತೆ. ಉಳಿದ ಹಾಡುಗಳಲ್ಲಿ ಹಲವು ಬರೀ ಬೀಟ್, ಒಂದರ ಕಾಪಿ-ಪೇಸ್ಟ್ ಇನ್ನೊಂದು. ಹತ್ತರಲ್ಲಿ ನಾಲ್ಕು ಚೆನ್ನಾಗಿವೆ ಅಂದ್ರೂ ಉದಾರವಾಗಿ ಹೇಳಿದಂತೆ.

ಕ್ಲೈಂಟ್ ಕಾಲ್‌ಗಳಲ್ಲಿ ಊರಿನ ಉಚ್ಚಾರಣೆ ಇಣುಕದಂತೆ ತಿದ್ದಿ ತಿದ್ದಿ ಮಾತಾಡೋ ನನ್ನಂಥವರಿಗೆ ಈ ಹಾಡು ಬೇರೆ ಥರಾನೂ ತಾಕುತ್ತೆ. ನಾವು ತಿದ್ದೋದು ಗೊತ್ತಾಗಬಾರದು ಅಂತ. ಶೇರ್ ತಿದ್ದಿದ್ದನ್ನ ಎಲ್ಲರಿಗೂ ಕೇಳೋ ಹಾಗೆ ಇಟ್ಟಳು, ಆಮೇಲೂ ದನಿ ಅವಳದ್ದೇ ಆಗಿತ್ತು. ಆ ಧೈರ್ಯಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಸೆಟ್ಟಿಂಗ್ ಇಲ್ಲ.